ತಗಡಿನ ಪೆಟ್ಟಿಗೆಯಲ್ಲಿ ಉಳಿದ ಊರು

ಶ್ರೋತೃಗಳೇ, ನಮಸ್ಕಾರ.

1909ರ ಸೆಪ್ಟೆಂಬರ್ 12, ಭಾನುವಾರದ ಸಂಜೆ. ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಮೊರೆಲೊಸ್ ಪ್ರಾಂತ್ಯದ ಅನೆನೆಕುಯಿಲ್ಕೊ ಎಂಬ ಪುಟ್ಟ ಹಳ್ಳಿಯಲ್ಲಿ ಊರಿನ ಗಂಡಸರು ಚರ್ಚಿನ ಹಿಂದಿನ ಕಮಾನುಗಳ ಕೆಳಗೆ ಸೇರಿದ್ದರು. ಊರಸಭೆಗೆ ಗಂಟೆ ಬಾರಿಸುವುದು ಅಲ್ಲಿನ ವಾಡಿಕೆ. ಅಂದು ಮಾತ್ರ ಬಾರಿಸಲಿಲ್ಲ. ಪಕ್ಕದ ಕಬ್ಬಿನ ಎಸ್ಟೇಟಿನ ಮೇಸ್ತ್ರಿಗಳ ಕಿವಿಗೆ ಬೀಳದಿರಲೆಂದು ಸುದ್ದಿಯನ್ನು ಬಾಯಿಂದ ಬಾಯಿಗೆ ದಾಟಿಸಿದ್ದರು. ನಾಲ್ಕು ಮಂದಿ ಹಿರಿಯರು ತಮಗೆ ವಯಸ್ಸಾಯಿತೆಂದೂ, ಜಮೀನಿನ ವ್ಯಾಜ್ಯ ಹೊತ್ತು ಕಚೇರಿಯಿಂದ ಕಚೇರಿಗೆ ಅಲೆಯುವ ಶಕ್ತಿ ಇನ್ನಿಲ್ಲವೆಂದೂ ಹೇಳಿ ಹೊಣೆಯಿಂದ ಕೆಳಗಿಳಿದರು. ಅವರ ಜಾಗಕ್ಕೆ ಊರು ಆರಿಸಿದ್ದು ಮೂವತ್ತು ತುಂಬಿ ಒಂದು ತಿಂಗಳಷ್ಟೇ ಆಗಿದ್ದ, ಕುದುರೆ ಪಳಗಿಸುವುದರಲ್ಲಿ ಹೆಸರಾದ ಎಮಿಲಿಯಾನೊ ಸಪಾಟಾನನ್ನು.

ಹೊಸ ಮುಖಂಡನಿಗೆ ಹಿರಿಯರು ಕೊಟ್ಟದ್ದು ಊರಿನ ಹಕ್ಕುಪತ್ರಗಳಿದ್ದ ಒಂದು ತಗಡಿನ ಪೆಟ್ಟಿಗೆ. ಸಪಾಟಾ ಮತ್ತು ಸಭೆಯ ಕಾರ್ಯದರ್ಶಿ ಫ್ರಾನ್ಸಿಸ್ಕೊ ಫ್ರಾಂಕೊ ದಿನಗಟ್ಟಲೆ ಆ ಪತ್ರಗಳ ಮುಂದೆ ಕುಳಿತರು. ಕೆಲವು ಸ್ಪೇನಿನ ವೈಸರಾಯ್‌ಗಳ ಕಾಲದವು. ಕೆಲವೆಡೆ ಇದ್ದದ್ದು ಅವರಿಬ್ಬರಿಗೂ ಓದಲು ಬಾರದ ನಹುವಾಟ್ಲ್ ಭಾಷೆ, ಅಂದರೆ ಆಸ್ಟೆಕ್ ಜನರ ನುಡಿ. ಅದರ ಅರ್ಥ ಹೇಳಬಲ್ಲವರನ್ನು ಹುಡುಕಿಕೊಂಡು ಫ್ರಾಂಕೊ ಬೇರೆ ಊರಿಗೆ ಹೋಗಬೇಕಾಯಿತು. ಮೆಕ್ಸಿಕೊದಲ್ಲಿ ನಡೆದ ಆಕ್ರಮಣದ, ಸರ್ವಾಧಿಕಾರದ ಮತ್ತು ಪ್ರತಿರೋಧದ ಕಥೆಯನ್ನು ಈ ಪೆಟ್ಟಿಗೆಯ ಬಳಿ ಕುಳಿತೇ ಹೇಳಬೇಕೆಂದು ನನಗೆ ಅನಿಸುತ್ತದೆ. ಏಕೆಂದರೆ ಅಲ್ಲಿ ನೆಲ ಕೈತಪ್ಪಿದ್ದರಲ್ಲಿ ಕತ್ತಿಯ ಪಾಲು ಎಷ್ಟಿತ್ತೋ ಕಾಗದದ ಪಾಲೂ ಅಷ್ಟೇ ಇತ್ತು.

1519ರಲ್ಲಿ ಮೆಕ್ಸಿಕೊದ ಕರಾವಳಿಗೆ ಬಂದಿಳಿದ ಸ್ಪೇನಿನ ದಂಡನಾಯಕ ಎರ್ನಾನ್ ಕೊರ್ಟೆಸ್‌ಗೆ ತನ್ನನ್ನು ಕಳಿಸಿದ್ದ ಕ್ಯೂಬಾದ ಗವರ್ನರನ ಹಂಗಿನಿಂದ ಬಿಡಿಸಿಕೊಳ್ಳಬೇಕಾಗಿತ್ತು. ಅದಕ್ಕೆ ಆತ ಮಾಡಿದ ಉಪಾಯ ವೆರಾಕ್ರೂಸ್ ಎಂಬ ಪಟ್ಟಣವನ್ನು ಕಾಗದದ ಮೇಲೆ ಸ್ಥಾಪಿಸಿ, ತನ್ನವರನ್ನೇ ಅದರ ಪುರಸಭೆಯ ಸದಸ್ಯರನ್ನಾಗಿಸಿ, ಅವರಿಂದಲೇ ಅಧಿಕಾರ ಬರೆಸಿಕೊಂಡದ್ದು. ಸ್ಪೇನಿನವರ ಬಳಿ 1513ರಲ್ಲಿ ಸಿದ್ಧವಾದ ಒಂದು ಘೋಷಣಾ ಪತ್ರವೂ ಇತ್ತು. ದೊರೆಗೂ ಚರ್ಚಿಗೂ ಶರಣಾಗಿ, ಇಲ್ಲವಾದರೆ ಯುದ್ಧ ಮಾಡಿ ನಿಮ್ಮನ್ನು ಗುಲಾಮರನ್ನಾಗಿಸುತ್ತೇವೆ, ಆಗ ಸಂಭವಿಸುವ ಸಾವಿಗೆ ನೀವೇ ಹೊಣೆ ಎಂದು ಸಾರುವ ಆ ಪತ್ರವನ್ನು ಸ್ಪ್ಯಾನಿಷ್ ತಿಳಿಯದ ಜನರ ಎದುರು ಗಟ್ಟಿಯಾಗಿ ಓದಿ, ಓದಿದ್ದಾಯಿತೆಂದು ದಾಖಲಿಸಿ, ಆಮೇಲೆ ದಾಳಿ ಮಾಡುತ್ತಿದ್ದರು. 1521ರ ಆಗಸ್ಟ್ 13ರಂದು ಆಸ್ಟೆಕ್ ರಾಜಧಾನಿ ತೆನೊಚ್ಟಿಟ್ಲಾನ್ ಬಿತ್ತು. ಕೆಲವೇ ನೂರು ಸ್ಪೇನಿಗರ ಪರಾಕ್ರಮವೆಂದು ಇದನ್ನು ಬಣ್ಣಿಸುವುದುಂಟು. ಆದರೆ ಆಸ್ಟೆಕರಿಗೆ ಕಪ್ಪ ಕಟ್ಟಿ ಬೇಸತ್ತವರು, ಅವರ ಹಳೆಯ ಹಗೆಗಳಾದ ಟ್ಲಾಸ್ಕಾಲಾದವರು ಸಾವಿರಾರು ಸಂಖ್ಯೆಯಲ್ಲಿ ಕೊರ್ಟೆಸನ ಪರ ಕಾದಾಡದಿದ್ದರೆ, ಸಿಡುಬು ನಗರದೊಳಗೆ ಹೊಕ್ಕು ದೊರೆ ಕ್ವಿಟ್ಲಾಹುವಾಕನನ್ನೂ ಬಲಿ ತೆಗೆದುಕೊಳ್ಳದಿದ್ದರೆ ಆ ಗೆಲುವು ಸುಲಭವಾಗಿರಲಿಲ್ಲ.

1529ರಲ್ಲಿ ಸ್ಪೇನಿನ ದೊರೆ ಕೊರ್ಟೆಸ್‌ಗೆ ಮಾರ್ಕ್ವಿಸ್ ಪದವಿಯನ್ನೂ 23,000 ಒಕ್ಕಲುಗಳನ್ನೂ ಸನ್ನದು ಮಾಡಿ ಕೊಟ್ಟನು. ಇಂದಿನ ಮೊರೆಲೊಸ್‌ನ ಬಹುಭಾಗ ಆ ಉಂಬಳಿಯೊಳಗೆ ಬಂತು. ಕುವೆರ್ನವಾಕಾದಲ್ಲಿ ಅರಮನೆ ಎದ್ದಿತು, ಹತ್ತಿರದಲ್ಲೇ ಕಬ್ಬಿನ ಗಾಣ ತಿರುಗಿತು. ಆದರೆ ಸೋತವರು ಗೆದ್ದವರ ವಿದ್ಯೆಯನ್ನು ಬೇಗನೆ ಕಲಿತರು. ಊರಿನ ನೆಲ, ನೀರು, ಕಾಡು ತಮ್ಮವೆಂದು ಅರ್ಜಿ ಬರೆದು ವೈಸರಾಯನ ಮುದ್ರೆ ಒತ್ತಿಸಿಕೊಂಡರು. ಅನೆನೆಕುಯಿಲ್ಕೊದ ಪೆಟ್ಟಿಗೆ ತುಂಬಿದ್ದು ಹೀಗೆ.

ಸ್ವತಂತ್ರ ಮೆಕ್ಸಿಕೊ ಈ ಪತ್ರಗಳ ಬೆಲೆಯನ್ನು ಇಳಿಸಿತು. ಊರೊಟ್ಟಿನ ಜಮೀನನ್ನು ಖಾಸಗಿ ಸ್ವತ್ತಾಗಿಸುವ ಕಾನೂನು 1856ರಲ್ಲಿ ಬಂತು. ಅದರ ಪೂರ್ಣ ಲಾಭ ಎಸ್ಟೇಟುಗಳಿಗೆ ದಕ್ಕಿದ್ದು ಪೊರ್ಫಿರಿಯೊ ಡಿಯಾಸನ ಕಾಲದಲ್ಲಿ. ಫ್ರೆಂಚರ ವಿರುದ್ಧ ಹೋರಾಡಿ ವೀರನೆನಿಸಿಕೊಂಡಿದ್ದ ಈತ 1876ರಲ್ಲಿ ದಂಗೆಯೆದ್ದಾಗ ಕೂಗಿದ ಘೋಷಣೆ, ಅಧ್ಯಕ್ಷನಿಗೆ ಮರುಆಯ್ಕೆ ಸಲ್ಲದು ಎಂಬುದು. ಆಮೇಲೆ ನಡುವಿನ ನಾಲ್ಕು ವರ್ಷ ಬಿಟ್ಟರೆ 1911ರವರೆಗೂ ಕುರ್ಚಿ ಬಿಟ್ಟೇಳಲಿಲ್ಲ. ಚುನಾವಣೆಗಳು ತಪ್ಪದೆ ನಡೆಯುತ್ತಿದ್ದವು, ಫಲಿತಾಂಶ ಮೊದಲೇ ಗೊತ್ತಿರುತ್ತಿತ್ತು. ರೊಟ್ಟಿ ಇಲ್ಲವೇ ದೊಣ್ಣೆ ಎಂಬ ಎರಡು ಮಾತಿನಲ್ಲಿ ಜನ ಅವನ ಆಡಳಿತವನ್ನು ಹಿಡಿದಿಟ್ಟರು. ಆರಂಭದಲ್ಲಿ 700 ಕಿಲೋಮೀಟರ್ ಕೂಡ ಇರದಿದ್ದ ರೈಲುಹಾದಿ 1910ರ ಹೊತ್ತಿಗೆ 19,000 ಕಿಲೋಮೀಟರ್ ದಾಟಿತು ಎಂಬುದೂ ನಿಜವೇ. ಆದರೆ 1881ರಲ್ಲಿ ರೈಲು ಮೊರೆಲೊಸ್‌ನ ಕುವಾಟ್ಲಾಕ್ಕೆ ಬಂದಾಗ ಸಕ್ಕರೆ ದೂರದ ಪೇಟೆಗಳಿಗೆ ಹೋಗತೊಡಗಿತು. ಸಕ್ಕರೆ ಹೋದಷ್ಟೂ ದೊಡ್ಡ ಯಂತ್ರಗಳು ಬಂದವು. ಯಂತ್ರದ ಹೊಟ್ಟೆಗೆ ಇನ್ನಷ್ಟು ಕಬ್ಬು, ಕಬ್ಬಿಗೆ ಇನ್ನಷ್ಟು ನೆಲ, ನೆಲಕ್ಕೆ ಇನ್ನಷ್ಟು ನೀರು ಬೇಕಾಯಿತು. ಅದೆಲ್ಲ ಹಳ್ಳಿಗಳದ್ದಾಗಿತ್ತು. ಉತ್ತರದ ಯಾಕಿ ಜನರಂತೂ ನೆಲ ಬಿಡಲೊಪ್ಪದ ತಪ್ಪಿಗೆ ಸಾವಿರಗಟ್ಟಲೆ ಗಡೀಪಾರಾಗಿ, ದೂರದ ಯುಕಟಾನಿನ ಕತ್ತಾಳೆ ತೋಟಗಳಿಗೆ ಜೀತಕ್ಕೆ ಸಾಗಿದರು.

1910ರ ಮುಂಗಾರು ಸಮೀಪಿಸಿದಾಗ ಅನೆನೆಕುಯಿಲ್ಕೊದವರು ಗವರ್ನರನಿಗೆ ವಿನಯದಿಂದಲೇ ಬರೆದರು: ವ್ಯಾಜ್ಯ ಮುಗಿಯುವಾಗ ಮುಗಿಯಲಿ, ಬಿತ್ತನೆಯ ಹೊತ್ತು ಮೀರುತ್ತಿದೆ, ಬೇಕಿದ್ದರೆ ಗೇಣಿಯನ್ನಾದರೂ ಕೊಡುತ್ತೇವೆ, ಈ ಸಲ ಬಿತ್ತಲು ಬಿಡಿ. ಆಗ ಗವರ್ನರ್ ಆಗಿದ್ದ ಪಾಬ್ಲೊ ಎಸ್ಕಾಂಡೊನ್ ಸ್ವತಃ ಎಸ್ಟೇಟಿನ ಒಡೆಯ. ಊರಿನ ಹೊಲ ತನ್ನದೆನ್ನುತ್ತಿದ್ದ ಓಸ್ಪಿಟಾಲ್ ಎಸ್ಟೇಟಿನ ಕಡೆಯಿಂದ ಬಂದ ಉತ್ತರವನ್ನು ಆ ಊರು ಮರೆಯಲಿಲ್ಲ. ಬಿತ್ತುವ ಆಸೆಯಿದ್ದರೆ ಹೂಕುಂಡದಲ್ಲಿ ಬಿತ್ತಿಕೊಳ್ಳಲಿ ಎಂದಿದ್ದರಂತೆ. ಸಪಾಟಾ ಬಂದೂಕು ಹಿಡಿದ ಸುಮಾರು ಎಂಬತ್ತು ಜನರನ್ನು ಕರೆದುಕೊಂಡು ಹೊಲಕ್ಕೆ ಹೋದನು. ಎಸ್ಟೇಟಿನವರು ಆ ಹೊಲವನ್ನು ಪಕ್ಕದ ಊರಿನವರಿಗೆ ಗೇಣಿಗೆ ಕೊಟ್ಟಿದ್ದರು, ಅವರು ಆಗಲೇ ಕೆಲಸಕ್ಕಿಳಿದಿದ್ದರು. ನಿಮ್ಮೊಡನೆ ನಮಗೆ ಜಗಳವಿಲ್ಲ, ಆದರೆ ಈ ನೆಲ ನಮ್ಮೂರಿನದು ಎಂದು ತಿಳಿಸಿ ಅವರನ್ನು ಕಳಿಸಿಕೊಟ್ಟರು. ಊರಿನವರು ಬಿತ್ತಿದರು.

ಅದೇ ವರ್ಷದ ನವೆಂಬರಿನಲ್ಲಿ, ಚುನಾವಣೆಯಲ್ಲಿ ಡಿಯಾಸನ ಎದುರಾಳಿಯಾಗಿದ್ದ ಫ್ರಾನ್ಸಿಸ್ಕೊ ಮಡೆರೊ ಕರೆಕೊಟ್ಟ ಕ್ರಾಂತಿ ಹೊತ್ತಿಕೊಂಡಿತು. ಮುಂದಿನ ಮೇ ತಿಂಗಳಲ್ಲಿ ಡಿಯಾಸ್ ರಾಜೀನಾಮೆ ಕೊಟ್ಟು ಯುರೋಪಿಗೆ ಹಡಗು ಹತ್ತಿದನು. ಗೆದ್ದು ಅಧ್ಯಕ್ಷನಾದ ಮಡೆರೊ ಜಮೀನಿನ ವಿಷಯಕ್ಕೆ ಬಂದಾಗ ತಾಳ್ಮೆಯಿರಲಿ ಎಂದನು. 1911ರ ನವೆಂಬರಿನಲ್ಲಿ ಹೊರಟ ಅಯಾಲಾ ಯೋಜನೆ ಎಂಬ ಘೋಷಣಾ ಪತ್ರ ಸಪಾಟಾ ಅದಕ್ಕೆ ಕೊಟ್ಟ ಉತ್ತರ. ಅದರ ಆರನೆಯ ಕಲಮನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ಹಕ್ಕುಪತ್ರವುಳ್ಳ ಹಳ್ಳಿಗಳು ಕಸಿದುಹೋದ ನೆಲವನ್ನು ಕೂಡಲೇ ವಶಕ್ಕೆ ತೆಗೆದುಕೊಳ್ಳಬೇಕು, ತಮಗೆ ಹಕ್ಕಿದೆ ಎನ್ನುವ ಜಮೀನ್ದಾರರು ಕ್ರಾಂತಿಯ ನಂತರ ನ್ಯಾಯಮಂಡಳಿಯ ಮುಂದೆ ಬಂದು ಅದನ್ನು ರುಜುವಾತುಪಡಿಸಬೇಕು ಎಂದು ಅದು ಹೇಳುತ್ತದೆ. ತಲೆಮಾರುಗಳಿಂದ ಹಳ್ಳಿಯವನು ಕಚೇರಿಯ ಹೊರಗೆ ಕಾಯುತ್ತಿದ್ದ ಬೆಂಚಿನ ಮೇಲೆ ಈಗ ಜಮೀನ್ದಾರ ಕೂರಬೇಕಾಗಿತ್ತು!

1913ರಲ್ಲಿ ಮಡೆರೊನನ್ನು ಉರುಳಿಸಿದ ಸೇನಾಧಿಕಾರಿ ವಿಕ್ಟೋರಿಯಾನೊ ಉವೆರ್ಟಾನ ಸೈನ್ಯ ಮೊರೆಲೊಸ್‌ನ ಹಳ್ಳಿಗಳನ್ನು ಸುಟ್ಟಿತು. ಅವನೂ ಬಿದ್ದ ಮೇಲೆ, 1915ರಲ್ಲಿ, ಕೃಷಿ ಶಾಲೆಯ ಯುವಕರು ಅಳತೆಯ ಸಲಕರಣೆ ಹೊತ್ತು ಊರೂರಿಗೆ ಎಲ್ಲೆ ಗುರುತಿಸಲು ಬಂದರು. ಒಂದೆಡೆ ಎಲ್ಲೆ ಅಂಕುಡೊಂಕಾದ ಕಲ್ಲುಬೇಲಿಯ ಗುಂಟ ಹೋಗುತ್ತಿತ್ತು. ನಿಮಗೆ ನೇರ ಗೆರೆ ಇಷ್ಟವೆಂದು ಬಲ್ಲೆ, ಆದರೆ ಊರಿನವರು ಬೇಲಿಯೇ ಎಲ್ಲೆ ಎನ್ನುತ್ತಾರೆ, ಅದರ ಒಂದೊಂದು ತಿರುವನ್ನೂ ಅಳೆಯಲು ಆರು ತಿಂಗಳು ಹಿಡಿದರೂ ಸರಿ, ಹಾಗೆಯೇ ಅಳೆಯಿರಿ ಎಂದು ಸಪಾಟಾ ಅವರಿಗೆ ಹೇಳಿದನು.

1919ರ ಏಪ್ರಿಲ್ 10ರಂದು, ಪಕ್ಷ ಬದಲಿಸಿ ಬಂದವನಂತೆ ನಟಿಸಿದ ಸರ್ಕಾರಿ ಸೇನೆಯ ಕರ್ನಲ್ ಗುವಾಹಾರ್ದೊನ ಸೈನಿಕರು ಚಿನಾಮೆಕಾ ಎಸ್ಟೇಟಿನ ಬಾಗಿಲಲ್ಲಿ ಸಪಾಟಾನನ್ನು ಗುಂಡಿಕ್ಕಿ ಕೊಂದರು. ಅವನನ್ನು ಕೊಲ್ಲಿಸಿದವರ ರಾಜಕೀಯ ವಾರಸುದಾರರೇ ಮುಂದೆ ಅವನನ್ನು ರಾಷ್ಟ್ರವೀರನೆಂದು ಕೊಂಡಾಡಿದರು. 1930ರಲ್ಲಿ ಚಿತ್ರಕಾರ ದಿಯೆಗೊ ರಿವೇರಾ ಕುವೆರ್ನವಾಕಾದ ಕೊರ್ಟೆಸನ ಅರಮನೆಯ ಗೋಡೆಯಲ್ಲೇ ಬಿಳಿ ಕುದುರೆಯ ಪಕ್ಕದಲ್ಲಿ ನಿಂತ ಸಪಾಟಾನನ್ನು ಬರೆದನು. ಅದರ ಖರ್ಚು ಕೊಟ್ಟವರು ಅಮೆರಿಕದ ರಾಯಭಾರಿ ಎಂಬುದು ಇನ್ನೊಂದು ತಮಾಷೆ.

ಪೆಟ್ಟಿಗೆಯನ್ನು ಸಪಾಟಾ ಬಹಳ ಮೊದಲೇ ಫ್ರಾಂಕೊನ ವಶಕ್ಕೆ ಕೊಟ್ಟಿದ್ದನು. ತಾನು ಒಂದಲ್ಲ ಒಂದು ದಿನ ಸಾಯುವವನೇ, ಊರಿನ ಪತ್ರಗಳು ಮಾತ್ರ ಉಳಿಯಬೇಕು ಎಂಬುದು ಅವನ ಕಟ್ಟಪ್ಪಣೆಯಾಗಿತ್ತು. ಫ್ರಾಂಕೊ ಯುದ್ಧದ ವರ್ಷಗಳಲ್ಲೂ, ಶಾಂತಿಯ ವರ್ಷಗಳಲ್ಲೂ ಅವುಗಳನ್ನು ಕಾಪಾಡಿಕೊಂಡು ಬಂದನು. 1947ರಲ್ಲಿ, ಕ್ರಾಂತಿಯ ಹೆಸರು ಹೇಳಿಕೊಂಡೇ ಆಳುತ್ತಿದ್ದ ಸರ್ಕಾರದ ಕಾಲದಲ್ಲಿ, ಅವನ ಕೊಲೆಯಾಯಿತು.

ನಮಸ್ಕಾರ.