ತಾಯಿ ಯಾವುದು ಅಂತ ಗೊತ್ತಿರಲಿ: ನಮ್ಮನೆ ಗೌಜಲಹಕ್ಕಿ ತಳಿ

ನಮಸ್ಕಾರ, ವಿಜಯಪುರದಿಂದ. ಮೊದಲು ಈ ತಟ್ಟೆ ನೋಡಿ. ಎಲ್ಲವೂ ಗೌಜಲಹಕ್ಕಿ ಮೊಟ್ಟೆ, ಒಂದೊಂದು 10ರಿಂದ 12 ಗ್ರಾಂ ತೂಗುತ್ತದೆ. ಕ್ಯಾಮೆರಾ ಹತ್ತಿರ ತರುತ್ತೇನೆ. ಇದರ ಮೈತುಂಬಾ ದಪ್ಪ ಕಂದು ಮಚ್ಚೆ. ಇದಕ್ಕೆ ಬರೀ ಸಣ್ಣ ಚುಕ್ಕಿ, ಚೂಪು ತುದಿಯ ಕಡೆ ಅದೂ ಇಲ್ಲ. ಎರಡೂ ಬೇರೆ ಬೇರೆ ಹೆಣ್ಣಿನವು. ಒಂದು ಹೆಣ್ಣು ಯಾವತ್ತು ಮೊಟ್ಟೆ ಇಟ್ಟರೂ ಹೆಚ್ಚುಕಡಿಮೆ ಅದೇ ಚಿತ್ತಾರ ಬರುತ್ತದೆ. ಸ್ವಲ್ಪ ದಿನ ಗಮನವಿಟ್ಟು ನೋಡಿದರೆ ಯಾವ ಮೊಟ್ಟೆ ಯಾರದ್ದು ಅಂತ ಕಣ್ಣಿಗೆ ಹಿಡಿಯುತ್ತದೆ. ತಾಯಿ ಯಾವುದು ಅಂತ ಗೊತ್ತಿಲ್ಲದ ಮೊಟ್ಟೆಯನ್ನು ನಾನು ಮರಿಗೆ ಇಡುವುದಿಲ್ಲ. ಇವತ್ತು ಹೇಳಬೇಕು ಅಂದುಕೊಂಡಿರುವುದೂ ಅದನ್ನೇ.

ಇದು ಜಪಾನೀಸ್ ಕ್ವೇಲ್. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ಸಂಶೋಧನೆಗೆ ಅಂತ ತರಿಸಿದ್ದು, ಅಲ್ಲಿಂದ ದೇಶದ ತುಂಬಾ ಹರಡಿತು. ನಮ್ಮ ಜೋಳದ ಹೊಲದಲ್ಲಿ ಕಾಲ ಬುಡದಿಂದ ಪುರ್ರನೆ ಏಳುವ ಹಕ್ಕಿ ಬೇರೆ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಬಲೆ ಹಾಕಿ ಹಿಡಿದದ್ದನ್ನು ಯಾರಾದರೂ ಮಾರಲು ಬಂದರೆ ದಯವಿಟ್ಟು ತಗೋಬೇಡಿ.

ಸಾಕಿದ ಕ್ವೇಲ್ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಹಾಗಾಗಿ ಇನ್‌ಕ್ಯುಬೇಟರ್ ಬೇಕೇ ಬೇಕು. ಫ್ಯಾನ್ ಇರುವ ಮಷೀನಿಗೆ 37.5 ಡಿಗ್ರಿ ಶಾಖ. 17-18 ದಿನಕ್ಕೆ ಮರಿ. ಪುಸ್ತಕದ ಲೆಕ್ಕ ಇಷ್ಟೇ, ಆದರೆ ನಮ್ಮೂರ ಬಿಸಿಲು ಪುಸ್ತಕ ಓದಿಲ್ಲ ಅಲ್ವಾ! ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಇನ್‌ಕ್ಯುಬೇಟರ್ ಬಿಸಿ ಮಾಡಬಲ್ಲದು, ತಂಪು ಮಾಡಲಾರದು. ಕೋಣೆಯೇ 38 ಆಗಿಬಿಟ್ಟರೆ ಹೀಟರ್ ಆಫ್ ಆಗಿದ್ದರೂ ಒಳಗೆ ಶಾಖ ಏರುತ್ತಲೇ ಹೋಗುತ್ತದೆ. ಅದಕ್ಕೇ ನಾನು ಬೇಸಿಗೆಯಲ್ಲಿ ಮರಿ ಮಾಡುವುದಿಲ್ಲ. ಬಿಸಿಲಿಗೆ ಗಂಡುಗಳೂ ಸೊರಗುತ್ತವೆ, ಗೊಡ್ಡು ಮೊಟ್ಟೆ ಜಾಸ್ತಿ. ದಸರಾ ಮುಗಿದ ಮೇಲೆ ಶುರು ಮಾಡಿದರೆ ಹೋಳಿ ಹುಣ್ಣಿಮೆವರೆಗೆ ಒಳ್ಳೆ ಕಾಲ.

ಆದರೆ ಆ ಕಾಲದಲ್ಲಿ ಗಾಳಿ ಒಣಗಿರುತ್ತದೆ. ಮೊದಲ 14 ದಿನ ತೇವಾಂಶ 45ರಿಂದ 50 ಪರ್ಸೆಂಟ್ ಸಾಕು, ಮೊಟ್ಟೆಯನ್ನು ದಿನಕ್ಕೆ ನಾಲ್ಕೈದು ಸಲ ತಿರುಗಿಸಬೇಕು. ಆಮೇಲೆ ತಿರುಗಿಸುವುದು ನಿಲ್ಲಿಸಿ, ತೇವಾಂಶವನ್ನು 65-70ಕ್ಕೆ ಏರಿಸಬೇಕು. ನಾನು ಅಗಲವಾದ ತಟ್ಟೆಯಲ್ಲಿ ನೀರಿಟ್ಟು, ಅದರಲ್ಲಿ ಹತ್ತಿ ಬಟ್ಟೆಯ ಒಂದು ತುದಿ ಅದ್ದಿ, ಇನ್ನೊಂದನ್ನು ಮೇಲಕ್ಕೆ ಕಟ್ಟುತ್ತೇನೆ. ನೀರಿನ ಆಳಕ್ಕಿಂತ ಅಗಲ ಮುಖ್ಯ.

ಈಗ ಸ್ವಲ್ಪ ಸುಮ್ನೆ ಕೇಳಿ. ಮೈಕ್ ಗಾಜಿನ ಹತ್ತಿರ ಇಟ್ಟಿದ್ದೇನೆ. ಟಕ್, ಟಕ್ ಅಂತ ಸಣ್ಣ ಸದ್ದು ಬರುತ್ತಿದೆ ಅಲ್ವಾ? ಅದು ಚಿಪ್ಪು ಒಡೆಯುವ ಸದ್ದಲ್ಲ. ಒಳಗಿರುವ ಮರಿಗಳು ಉಸಿರಾಟದ ಜೊತೆ ಮಾಡುವ ಸದ್ದು. ಅಕ್ಕಪಕ್ಕದ ಮೊಟ್ಟೆಗಳಿಗೆ ಇದು ತಲುಪುತ್ತದೆ, ಹಿಂದೆ ಬಿದ್ದ ಮರಿ ಬೇಗ ಬೇಗ ತಯಾರಾಗುತ್ತದೆ. ಕಾಡಿನಲ್ಲಿ ಎಲ್ಲ ಮರಿಗಳೂ ಒಟ್ಟಿಗೆ ಹೊರಬಂದರೆ ತಾನೇ ತಾಯಿ ಹಿಂದೆ ಓಡಲು ಸಾಧ್ಯ? ಮೊಟ್ಟೆಗಳನ್ನು ಒಂದಕ್ಕೊಂದು ತಾಗಿಸಿ ಇಟ್ಟಿರುವುದು ಅದಕ್ಕೇ. ಈ ಹೊತ್ತಲ್ಲಿ ಮುಚ್ಚಳ ಮಾತ್ರ ತೆಗೀಬೇಡಿ. ನಮ್ಮ ಒಣ ಗಾಳಿ ಒಳಹೊಕ್ಕರೆ ಚಿಪ್ಪಿನ ಒಳಪೊರೆ ಒಣಗಿ ಮರಿಗೆ ಅಂಟಿಕೊಳ್ಳುತ್ತದೆ.

ಅಗೋ, ಈ ಮರಿ ಚಿಪ್ಪಿನ ದಪ್ಪ ತುದಿಯನ್ನು ಸುತ್ತಲೂ ಕುಟ್ಟಿಕೊಂಡು ಬಂತು. ಈಗ ಕಾಲು ಒದ್ದು ಟೋಪಿ ತೆಗೆಯಿತು! ಏಳೆಂಟು ಗ್ರಾಂ ತೂಕ ಅಷ್ಟೇ. ಎಷ್ಟು ಸಲ ನೋಡಿದರೂ ನನಗೆ ಸಾಕು ಅನ್ನಿಸುವುದಿಲ್ಲ.

ಮೊದಲ ವಾರ ಬಲ್ಬಿನ ಕೆಳಗೆ 35-36 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಇಳಿಸುವುದು. ನೀರಿನ ಬಟ್ಟಲಲ್ಲಿ ಗೋಲಿ ಹಾಕಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ಮೇವಿನಲ್ಲಿ 24 ಪರ್ಸೆಂಟಿಗಿಂತ ಜಾಸ್ತಿ ಪ್ರೋಟೀನ್ ಇರಬೇಕು. ಶೇಂಗಾ ಹಿಂಡಿ ನಮ್ಮಲ್ಲಿ ಸುಲಭಕ್ಕೆ ಸಿಗುತ್ತದೆ, ನಿಜ. ಆದರೆ ಬೂಸ್ಟು ಹಿಡಿದ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರುತ್ತದೆ, ಮರಿಗಳ ಲಿವರ್ ಹಾಳುಮಾಡುತ್ತದೆ. ನಾನು ಸೋಯಾ ಹಿಂಡಿಯನ್ನೇ ನಂಬುತ್ತೇನೆ.

ಮೂರು ವಾರಕ್ಕೆ ಎದೆಯ ಗರಿ ನೋಡಿ. ಇಟ್ಟಿಗೆ ಬಣ್ಣ ಇದ್ದರೆ ಗಂಡು. ಚುಕ್ಕಿ ಚುಕ್ಕಿ ಇದ್ದರೆ ಹೆಣ್ಣು. ಬಿಳಿ, ಹೊಂಬಣ್ಣದ ತಳಿಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಾಲ್ಕು ವಾರಕ್ಕೆ ತಕ್ಕಡಿ ಬರುತ್ತದೆ. ಕ್ವೇಲ್‌ನಲ್ಲಿ ಹೆಣ್ಣೇ ಗಂಡಿಗಿಂತ ತೂಕ, ಹಾಗಾಗಿ ಹೆಣ್ಣನ್ನು ಹೆಣ್ಣಿನ ಜೊತೆ, ಗಂಡನ್ನು ಗಂಡಿನ ಜೊತೆ ಮಾತ್ರ ಹೋಲಿಸಬೇಕು. ನಮ್ಮ ರೈತರು ಬಿಳಿಜೋಳ ರಾಶಿ ಮಾಡುವ ಮೊದಲೇ ಒಳ್ಳೆ ತೆನೆ ಆರಿಸಿ ಬೀಜಕ್ಕೆ ಎತ್ತಿಡುತ್ತಾರಲ್ಲ, ಇದೂ ಅದೇ ಕೆಲಸ.

ತೂಕವನ್ನು ಆರಿಸುವುದು ಸುಲಭ, ಮುಂದಿನ ಪೀಳಿಗೆಯಲ್ಲೇ ಫಲ ಕಾಣುತ್ತದೆ. ಅಪಾಯವೂ ಅಲ್ಲೇ ಇದೆ. ಬರೀ ತೂಕದ ಹಿಂದೆ ಬಿದ್ದರೆ ಮೊಟ್ಟೆ ಫಲವಾಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕಿಂತ ದೊಡ್ಡದು ಅಣ್ಣ-ತಂಗಿ ಜೋಡಿ. ಈ ಹಕ್ಕಿ ಆರೇಳು ವಾರಕ್ಕೇ ಮೊಟ್ಟೆ ಇಡುತ್ತದೆ, ವರ್ಷದಲ್ಲಿ ಮೂರ್ನಾಲ್ಕು ಪೀಳಿಗೆ ಆಗಿಬಿಡುತ್ತವೆ. ಒಳಜೋಡಿಯ ಹೊಡೆತವನ್ನು ಕೋಳಿಗಿಂತ ಕಡಿಮೆ ತಡೆಯುತ್ತದೆ. ಒಡಹುಟ್ಟಿದವುಗಳನ್ನೇ ಮತ್ತೆ ಮತ್ತೆ ಕೂಡಿಸಿದರೆ ಕೆಲವೇ ಪೀಳಿಗೆಗೆ ವಂಶವೇ ನಿಂತುಹೋಗಬಹುದು. ಮಾರುಕಟ್ಟೆಯಲ್ಲಿ ಬಣ್ಣ ನೋಡಿ ದುಡ್ಡು ಕೊಡುವವರು ಬಹಳ. ನನ್ನ ಮಟ್ಟಿಗೆ ಬಣ್ಣ ಕೊನೆಯದು. ವಂಶ ಮೊದಲು, ಆಮೇಲೆ ತೂಕ, ಆಮೇಲೆ ಗುಣ. ಕೈ ಹಾಕಿದರೆ ಹಾರಿ ಗೂಡಿನ ಚಾವಣಿಗೆ ತಲೆ ಜಜ್ಜಿಕೊಳ್ಳುವ ಹಕ್ಕಿಯಿಂದ ನಾನು ಮರಿ ತೆಗೆಯುವುದಿಲ್ಲ.

ಅದಕ್ಕೇ ಈ ಮೂರು ಗೂಡು. ಕೆಂಪು, ನೀಲಿ, ಹಳದಿ. ಕಾಲಿನ ಉಂಗುರವೂ ಅದೇ ಬಣ್ಣ. ಹೆಣ್ಣುಮರಿ ತಾಯಿಯ ಗೂಡಿನಲ್ಲೇ ಉಳಿಯುತ್ತದೆ. ಗಂಡುಮರಿ ಮಾತ್ರ ಪಕ್ಕದ ಗೂಡಿಗೆ: ಕೆಂಪಿನದು ನೀಲಿಗೆ, ನೀಲಿಯದು ಹಳದಿಗೆ, ಹಳದಿಯದು ಕೆಂಪಿಗೆ. ಒಂದು ಗಂಡಿಗೆ ಎರಡೋ ಮೂರೋ ಹೆಣ್ಣು. ಈ ನೋಟ್‌ಬುಕ್ಕಿನಲ್ಲಿ ಪ್ರತಿ ಹೆಣ್ಣಿನ ಎದುರಿಗೆ ಅದರ ಮೊಟ್ಟೆಯ ಚಿತ್ತಾರ ಪೆನ್ಸಿಲ್ಲಿನಲ್ಲಿ ಬಿಡಿಸಿಟ್ಟಿದ್ದೇನೆ, ನೋಡಿ.

ಇವತ್ತು ಹಳದಿ ಉಂಗುರದ ಈ ಗಂಡನ್ನು ಕೆಂಪು ಗೂಡಿಗೆ ಬಿಡುತ್ತಿದ್ದೇನೆ. ಹಳೆ ಗಂಡನ್ನು ತೆಗೆದಾಯಿತು. ಆದರೆ ಹೆಣ್ಣಿನ ಹೊಟ್ಟೆಯಲ್ಲಿ ಅದರ ವೀರ್ಯ ವಾರಕ್ಕಿಂತ ಜಾಸ್ತಿ ಉಳಿದಿರಬಹುದು. ಹಾಗಾಗಿ ಇನ್ನು ಎರಡು ವಾರ ಈ ಗೂಡಿನ ಮೊಟ್ಟೆ ಅಡುಗೆಮನೆಗೆ ಹೋಗುತ್ತದೆ. ಆಮೇಲಿನದಕ್ಕೆ ತಾರೀಕು ಬರೆದು ಮಷೀನಿಗೆ ಇಡುತ್ತೇನೆ.