ಹೆವಿ ಡ್ಯೂಟಿ ಡೀಸೆಲ್ ಪಿಕಪ್ ನಿಜವಾಗಿ ಎಷ್ಟು ಎಳೆಯುತ್ತದೆ?

[ದೃಶ್ಯ: ಏರು ಹೆದ್ದಾರಿಯಲ್ಲಿ ಉದ್ದನೆಯ ಟ್ರೇಲರ್ ಎಳೆಯುತ್ತಿರುವ ಪಿಕಪ್]

ನಮಸ್ಕಾರ. ಅಮೆರಿಕದ ಹೆವಿ ಡ್ಯೂಟಿ ಡೀಸೆಲ್ ಪಿಕಪ್‌ಗಳ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಟಾರ್ಕ್‌ನ, ಅಂದರೆ ಎಂಜಿನ್ನಿನ ತಿರುಗಿಸುವ ಬಲದ, ಅಂಕಿ. 2019ರ ಮಾದರಿಯ ರಾಮ್ ಟ್ರಕ್ಕಿನ ಕಮಿನ್ಸ್ ಎಂಜಿನ್ 1,000 ಪೌಂಡ್-ಅಡಿ ಮುಟ್ಟಿತು. 2023ರ ಫೋರ್ಡ್ ಸೂಪರ್ ಡ್ಯೂಟಿಯ 6.7 ಲೀಟರಿನ ಹೈ ಔಟ್‌ಪುಟ್ ಎಂಜಿನ್ 500 ಅಶ್ವಶಕ್ತಿಯ ಜೊತೆಗೆ 1,200 ಪೌಂಡ್-ಅಡಿ ಕೊಡುತ್ತದೆ, ಅದೂ ನಿಮಿಷಕ್ಕೆ ಕೇವಲ 1,600 ಸುತ್ತುಗಳಲ್ಲಿ. ಇಷ್ಟು ಬಲವಿರುವಾಗ ಎಂಜಿನ್ನಿನ ಶಕ್ತಿ ಸಾಲದೆ ಬರುವುದು ಅಪರೂಪ. ಮೊದಲು ಮಿತಿ ಮುಟ್ಟುವುದು ಹಿಂದಿನ ಆಕ್ಸಲ್ ಹೊರಬಲ್ಲ ಭಾರ, ಆಮೇಲೆ ಶಾಖ.

[ದೃಶ್ಯ: ಚಾಲಕನ ಬಾಗಿಲ ಚೌಕಟ್ಟಿನ ಮೇಲಿನ ಲೇಬಲ್]

ಈ ಲೇಬಲ್ ಮೇಲೆ ವಾಹನದ ಗರಿಷ್ಠ ಒಟ್ಟು ತೂಕ ಮತ್ತು ಪ್ರತಿ ಆಕ್ಸಲ್‌ನ ಮಿತಿ ಅಚ್ಚಾಗಿರುತ್ತವೆ. ಉದಾಹರಣೆಗೆ, ಒಟ್ಟು ಮಿತಿ 12,000 ಪೌಂಡ್ ಇದ್ದು, ಇಂಧನ ತುಂಬಿದ ಖಾಲಿ ಟ್ರಕ್ಕು ತೂಕದ ಕಟ್ಟೆಯ ಮೇಲೆ 8,000 ಪೌಂಡ್ ತೂಗಿತೆಂದುಕೊಳ್ಳಿ, ಉಳಿದದ್ದು 4,000. ಪಿಕಪ್ಪಿನ ತೊಟ್ಟಿಯಲ್ಲಿ ಕೊಂಡಿ ಹಾಕುವ ಫಿಫ್ತ್ ವೀಲ್ ಟ್ರೇಲರ್ ಸಾಮಾನ್ಯವಾಗಿ ತನ್ನ ತೂಕದ ಶೇಕಡಾ 15ರಿಂದ 25ರಷ್ಟನ್ನು ಟ್ರಕ್ಕಿನ ಮೇಲೇ ಹೊರಿಸುವುದರಿಂದ, 20,000 ಪೌಂಡಿನ ಟ್ರೇಲರ್ ಶೇಕಡಾ 20ರ ಲೆಕ್ಕದಲ್ಲಿ ಆ 4,000 ಪೌಂಡನ್ನೂ ನುಂಗಿಬಿಡುತ್ತದೆ. ಚಾಲಕ ಇನ್ನೂ ಹತ್ತಿ ಕುಳಿತಿಲ್ಲ! ಕರಪತ್ರದಲ್ಲಿ ಅದಕ್ಕಿಂತ ದೊಡ್ಡ ಅಂಕಿ ಅಚ್ಚಾಗಿದ್ದರೂ ಈ ಟ್ರಕ್ಕಿಗೆ ಅದು ಅನ್ವಯಿಸುವುದಿಲ್ಲ. ಹಿಂಬದಿಯಲ್ಲಿ ನಾಲ್ಕು ಚಕ್ರಗಳಿರುವ ಮಾದರಿಗಳನ್ನು ಜನ ಕೊಳ್ಳುವುದು ಮುಖ್ಯವಾಗಿ ಈ ಹೊರೆಗಾಗಿ ಮತ್ತು ಅಡ್ಡಗಾಳಿಯಲ್ಲಿ ಸಿಗುವ ಸ್ಥಿರತೆಗಾಗಿ.

ಇನ್ನು ಶಾಖದ ಮಾತು. ಎಳೆಯುವ ಸಾಮರ್ಥ್ಯವನ್ನು ಹಿಂದೆ ಕಂಪನಿಗಳು ತಮ್ಮ ತಮ್ಮ ಅಳತೆಗೋಲಿನಿಂದ ಅಳೆದುಕೊಳ್ಳುತ್ತಿದ್ದವು. ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇಯ ಜೆ2807 ಎಂಬ ಮಾನದಂಡ ಬಂದ ಮೇಲೆ ಹೋಲಿಕೆಗೆ ಅರ್ಥ ಬಂತು. ಅದರ ಪ್ರಸಿದ್ಧ ಪರೀಕ್ಷೆ ಅರಿಜೋನಾದ ಡೇವಿಸ್ ಡ್ಯಾಂ ಬಳಿಯ ಸುಮಾರು 18 ಕಿಲೋಮೀಟರ್ ಉದ್ದದ ಏರು. ಸುಡುಬಿಸಿಲಿನಲ್ಲಿ, ಎಸಿಯನ್ನು ಪೂರ್ತಿ ಹಾಕಿಕೊಂಡು, ಹಿಂದೆ ನಾಲ್ಕು ಚಕ್ರಗಳ ಟ್ರಕ್ಕು ಗಂಟೆಗೆ 35 ಮೈಲಿಗಿಂತ, ಎರಡು ಚಕ್ರಗಳದ್ದು 40 ಮೈಲಿಗಿಂತ ಕೆಳಗಿಳಿಯದೆ ಹತ್ತಬೇಕು. ಇಲ್ಲಿ ಪರೀಕ್ಷೆಗೆ ಒಳಗಾಗುವುದು ಎಂಜಿನ್ನಿನಷ್ಟೇ ರೇಡಿಯೇಟರ್ ಮತ್ತು ಗೇರ್‌ಬಾಕ್ಸಿನ ಕೂಲರ್ ಕೂಡ.

ನನ್ನನ್ನು ಕೇಳಿದರೆ, ಈ ಟ್ರಕ್ಕುಗಳ ಅತ್ಯುತ್ತಮ ಸೌಲಭ್ಯ ಇಳಿಜಾರಿನಲ್ಲಿ ಕೆಲಸಕ್ಕೆ ಬರುವ ಎಕ್ಸಾಸ್ಟ್ ಬ್ರೇಕ್. ಡೀಸೆಲ್ ಎಂಜಿನ್ನಿಗೆ ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯನ್ನು ತಡೆದು ವೇಗ ತಗ್ಗಿಸುವ ಗುಣ ತಾನಾಗಿ ಇರುವುದಿಲ್ಲ; ಆದ್ದರಿಂದ ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದೊಳಗಿನ ಹೊಂದಿಸಬಲ್ಲ ರೆಕ್ಕೆಗಳು ಮುಚ್ಚಿಕೊಂಡು, ಹೊರಹೋಗುವ ಹೊಗೆಗೆ ಅಡ್ಡ ನಿಂತು ಎಂಜಿನ್ನನ್ನು ಹಿಡಿದಿಡುತ್ತವೆ. ಚಕ್ರದ ಬ್ರೇಕುಗಳು ಕಾದು ಹಿಡಿತ ಕಳೆದುಕೊಳ್ಳದಂತೆ ಕಾಪಾಡುವುದು ಇದೇ.

[ದೃಶ್ಯ: ಇಂಧನ ಫಿಲ್ಟರ್ ಬದಲಾಯಿಸುವ ಕೈಗಳು]

ನಿರ್ವಹಣೆಯಲ್ಲಿ ಇಂಧನ ಫಿಲ್ಟರಿಗೆ ಮೊದಲ ಸ್ಥಾನ. ಸುಮಾರು 2,000 ಬಾರ್ ಇಲ್ಲವೇ ಅದಕ್ಕೂ ಹೆಚ್ಚಿನ ಒತ್ತಡದಲ್ಲಿ ದುಡಿಯುವ ಪಂಪ್ ಮತ್ತು ಇಂಜೆಕ್ಟರ್‌ಗಳಿಗೆ ಡೀಸೆಲ್ಲೇ ಜಾರುವ ಎಣ್ಣೆ. ಅದರಲ್ಲಿ ನೀರು ಸೇರಿದರೆ ಲೋಹ ಲೋಹವನ್ನು ಉಜ್ಜುತ್ತದೆ. ನೀರಿನ ಎಚ್ಚರಿಕೆ ದೀಪ ಹೊತ್ತಿದ ಮೇಲೆ ಮುಂದೆ ಓಡಿಸುವುದು ದುಬಾರಿ ಧೈರ್ಯ. ಭಾರ ಎಳೆಯುವವರು ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್‌ಗಳ ಎಣ್ಣೆಗೆ ಕೈಪಿಡಿಯಲ್ಲಿರುವ ಕಠಿಣ ಬಳಕೆಯ ಅವಧಿಯನ್ನೇ ಅನುಸರಿಸಬೇಕು.

ವಿಚಿತ್ರವೆಂದರೆ, ಏನನ್ನೂ ಎಳೆಯದ ಟ್ರಕ್ಕಿಗೂ ಕಷ್ಟವಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರಿಗೆ ಆ ಮಸಿಯನ್ನು ಸುಟ್ಟುಹಾಕಲು ಹೆಚ್ಚಿನ ಬಿಸಿ ಬೇಕು. ಎರಡು ಮೈಲಿಯ ಓಡಾಟ ಮತ್ತು ನಿಂತಲ್ಲೇ ಎಂಜಿನ್ ಓಡಿಸುವುದು ಆ ಬಿಸಿಯನ್ನು ಕೊಡುವುದಿಲ್ಲ. ಆಗಾಗ ಹೆದ್ದಾರಿಯಲ್ಲಿ ಹದವಾದ ವೇಗದಲ್ಲಿ ಒಂದಿಷ್ಟು ದೂರ ಓಡಿಸಬೇಕು. ಫಿಲ್ಟರನ್ನೇ ಕಿತ್ತುಹಾಕುವುದು ಅಮೆರಿಕದ ಕ್ಲೀನ್ ಏರ್ ಆ್ಯಕ್ಟ್ ಪ್ರಕಾರ ಕಾನೂನುಬಾಹಿರ.

ಕೊನೆಯದಾಗಿ, ಹೊಗೆಯಲ್ಲಿನ ವಿಷಾನಿಲವನ್ನು ತಗ್ಗಿಸಲು ಅದರೊಳಗೆ ಸಿಂಪಡಿಸುವ ಡಿಇಎಫ್ ದ್ರವ. ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಮೈನಸ್ 11 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಪ್ಪುಗಟ್ಟುತ್ತದೆ, ಅದಕ್ಕೆಂದೇ ಟ್ಯಾಂಕಿನಲ್ಲಿ ಹೀಟರ್ ಇದೆ. ಅದರ ಮುಚ್ಚಳ ನೀಲಿ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದಿದ್ದರೆ ಕೀಲಿ ತಿರುಗಿಸಲೇಬೇಡಿ, ಟ್ರಕ್ಕನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗಿ.