ದೇವರು ಅನ್ನಿಸಿಕೊಂಡ ಮೇಲೆ

ಎಲ್ಲರಿಗೂ ನಮಸ್ಕಾರ. ಅಭಿಮಾನಿಗಳ ಸಂಘದವರೇ ಕರೆದು, ಅಭಿಮಾನಿಗಳ ನಡತೆಯ ಬಗ್ಗೆ ಮಾತಾಡಿ ಅಂದಿದ್ದೀರಿ. ಅದಕ್ಕೆ ಧೈರ್ಯ ಬೇಕು, ನಿಮಗೆ ಅದಿದೆ.

ಅಣ್ಣಾವ್ರು ನಮ್ಮನ್ನ 'ಅಭಿಮಾನಿ ದೇವರುಗಳು' ಅಂದ್ರು. ಎದೆ ಉಬ್ಬಿಸಿಕೊಂಡ ನಾವು, ದೇವರು ಹೇಗಿರ್ತಾನೆ ಅಂತ ಕೇಳಿಕೊಳ್ಳಲೇ ಇಲ್ಲ. ಗರ್ಭಗುಡಿಯಲ್ಲಿ ಕೂತಲ್ಲೇ ಕೂತು ಹರಸ್ತಾನೆ. ಭಕ್ತನ ಹೆಗಲಿಗೆ ಕೈ ಹಾಕಿ ಎಳೆದು, ಮೊಬೈಲ್ ಮೇಲೆತ್ತಿದ ದೇವರನ್ನ ಯಾರಾದ್ರೂ ಕಂಡಿದ್ದೀರಾ?

ನಗ್ತಿದ್ದೀರಿ. ನಾನು ಒಮ್ಮೆ ಹಾಗೆ ಎಳೆದವನು.

ಹಾಸನದ ಕಡೆ ಒಂದು ಮದುವೆ. ಹೆಣ್ಣಿನ ಕಡೆಯ ನೆಂಟರಾಗಿ ಒಬ್ಬ ನಟರು ಬಂದಿದ್ದರು, ಹೆಸರು ಬೇಡ. ಎರಡನೇ ಪಂಕ್ತಿಯಲ್ಲಿ ಎಲ್ಲರಂತೆ ಕೂತರು. ಕೋಸಂಬರಿ, ಪಲ್ಯ ಆಯ್ತು, ಅನ್ನದ ಮೇಲೆ ತಿಳಿಸಾರು ಬಿತ್ತು. ಕಲಸಿ ತುತ್ತು ಎತ್ತಿದ್ರು, 'ಸಾರ್, ಒಂದೇ ಒಂದು' ಅಂತ ಒಬ್ಬ ಬಂದ. ತುತ್ತು ಎಲೆಗಿಟ್ಟು ಎದ್ದರು. ಕೂತರು. ಇನ್ನೊಬ್ಬ. ಬಡಿಸೋ ಹುಡುಗನೂ ಹೋಳಿಗೆ ಬುಟ್ಟಿ ನೆಲಕ್ಕಿಟ್ಟು ಪಕ್ಕ ಬಂದು ನಿಂತ; ಆಚೆ ಸಾಲಿನವರು ಹೋಳಿಗೆಗೆ ಕಾಯ್ತಾನೇ ಇದ್ದರು. ನಾಲ್ಕನೆಯವನು ನಾನು. ಏಳು ಸಲ ಎದ್ದು ಕೂತ ಮನುಷ್ಯ ಕೊನೆಗೆ ಎಲೆ ಮಡಚಿಬಿಟ್ಟರು. ಪಕ್ಕದ ಅಜ್ಜಿಗೆ ಅವರು ಯಾರು ಅಂತಲೇ ಗೊತ್ತಿಲ್ಲ. 'ಅಯ್ಯೋ, ಆ ಮಗೂಗೆ ಒಂದು ತುತ್ತು ತಿನ್ನೋಕೆ ಬಿಡ್ರೋ' ಅಂದಳು. ಇಡೀ ಛತ್ರದಲ್ಲಿ ಅವರನ್ನ ಮನುಷ್ಯ ಅಂತ ಕಂಡವಳು ಅವಳೊಬ್ಬಳೇ. ಆ ಫೋಟೋ ನನ್ನ ಹತ್ರ ಇನ್ನೂ ಇದೆ. ಅದರಲ್ಲಿ ಅವರ ಬಲಗೈ ಪೂರ್ತಿ ಸಾರು.

ಊಟ ಹೋದರೆ ಇನ್ನೊಂದು ಊಟ ಸಿಗುತ್ತೆ. ಜೀವ? 2024ರ ಜನವರಿ 8, ಯಶ್ ಹುಟ್ಟುಹಬ್ಬ. ಗದಗ ಜಿಲ್ಲೆಯ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸೋಕೆ ಹೋದ ಹುಡುಗರಿಗೆ ಕರೆಂಟ್ ತಂತಿ ತಾಗಿ ಮೂವರು ಹೋದರು. ಯಶ್ ಆ ಮನೆಗಳಿಗೆ ಹೋಗಿ, ಅಭಿಮಾನ ಹೀಗೆ ತೋರಿಸಬೇಡಿ ಅಂತ ಬೇಡಿಕೊಂಡರು. ಕಟೌಟ್ ಬೇಡವೇ ಬೇಡ ಅಂತೀನಿ ನಾನು. ನಿಲ್ಲಿಸಲೇಬೇಕು ಅನ್ನೋರು ಹಗಲಲ್ಲಿ, ತಂತಿಯಿಂದ ದೂರ, ಲೈನ್‌ಮನ್‌ಗೆ ತಿಳಿಸಿ ನಿಲ್ಲಿಸಿ.

2025ರ ಜೂನ್ 4, ಆರ್‌ಸಿಬಿ ಕಪ್ ಗೆದ್ದ ಸಂಭ್ರಮದ ದಿನ, ನಿಮಗೆಲ್ಲ ನೆನಪಿದೆ. ಚಿನ್ನಸ್ವಾಮಿಯಲ್ಲಿ ಹಿಡಿಸೋದು ಸುಮಾರು 35 ಸಾವಿರ, ಬಂದದ್ದು ಲಕ್ಷಗಟ್ಟಲೆ, ಸತ್ತವರು 11. ಸತ್ತವರ ತಪ್ಪು ಅಂತ ನಾನು ಎಂದೂ ಹೇಳಲ್ಲ. ಜನರನ್ನ ಕರೆದವರು ಉತ್ತರ ಕೊಡಬೇಕು. ಆದರೆ ಒಂದು ತಿಳ್ಕೊಳ್ಳಿ. ನೂಕುನುಗ್ಗಲಲ್ಲಿ ಎಷ್ಟೋ ಜನ ನಿಂತ ಹಾಗೇ ಉಸಿರುಕಟ್ಟಿ ಸಾಯ್ತಾರೆ. ಹಿಂದಿನ ಸಾಲಿನವನು ತಳ್ಳಿದ್ದು ಸಾಲು ಸಾಲಾಗಿ ಕೂಡಿ ಮುಂದಿನವನ ಎದೆ ಮೇಲೆ ಬೀಳುತ್ತೆ. ಹಿಂದಿನವನಿಗೆ ಅದು ಕಾಣೋದೇ ಇಲ್ಲ. ಮುಂದೆ ಕಿರುಚಾಟ ಕೇಳಿದ್ರೆ ಎರಡು ಹೆಜ್ಜೆ ಹಿಂದೆ ಬನ್ನಿ. ಒಳಗೆ ಸಿಕ್ಕಿಕೊಂಡ್ರೆ ಕೈ ಎದೆ ಮುಂದೆ ಮಡಚಿ ಹಿಡ್ಕೊಳ್ಳಿ, ಓರೆಯಾಗಿ ಅಂಚಿಗೆ ಸರೀರಿ.

ನಮಗೆ ಇದು ಆಗದ ಕೆಲಸ ಅನ್ನಬೇಡಿ. 2006ರ ಏಪ್ರಿಲ್‌ನಲ್ಲಿ ಅಣ್ಣಾವ್ರು ಹೋದಾಗ ಬೆಂಗಳೂರು ಹೇಗೆ ಉರಿಯಿತು ಅಂತ ಕಂಡವರು ಇಲ್ಲಿದ್ದೀರಿ. 2021ರ ಅಕ್ಟೋಬರ್‌ನಲ್ಲಿ ಅಪ್ಪು ಹೋದರು. ಕಂಠೀರವ ಕ್ರೀಡಾಂಗಣದ ಮುಂದೆ ಲಕ್ಷಾಂತರ ಜನ ಗಂಟೆಗಟ್ಟಲೆ ಸಾಲಲ್ಲಿ ನಿಂತು, ಅತ್ತು, ಕೈಮುಗಿದು ಹೋದರು. ಅವರ ಕಣ್ಣು ನಾಲ್ವರಿಗೆ ಬೆಳಕಾಯ್ತು ಅಂತ ತಿಳಿದು, ಕಣ್ಣು ಬರೆದುಕೊಡೋಕೆ ಜನ ಸಾಲುಗಟ್ಟಿದರು. ದೇವರು ನಡೆದುಕೊಳ್ಳೋದು ಹಾಗೆ.

ಅಧ್ಯಕ್ಷರಿಂದ ಚೀಟಿ ಬಂತು, ಐದೇ ನಿಮಿಷವಂತೆ. ಕಾರಿನ ಹಿಂದೆ ಬೈಕ್ ಓಡಿಸೋದು, ಬೇರೆ ನಟರ ಮನೆ ಹೆಣ್ಣುಮಕ್ಕಳನ್ನ ಫೇಸ್‌ಬುಕ್‌ನಲ್ಲಿ ಬಯ್ಯೋದು, ಎರಡನ್ನೂ ಬರ್ಕೊಂಡು ಬಂದಿದ್ದೆ. ಎರಡಕ್ಕೂ ಒಂದೇ ಮಾತು: ಬಿಡಿ.

ಇವತ್ತಿನ ಅತಿಥಿ, ಈ ಅಮ್ಮ, ನಮ್ಮ ಜತೆಗೇ ಊಟಕ್ಕೆ ಕೂರ್ತಾರಂತೆ. ಅವರ ಎಲೆಗೆ ಮೊಸರನ್ನ ಬಂದು, ಅವರು ಕೈ ತೊಳೆದು ಬರೋವರೆಗೂ ನಮ್ಮೆಲ್ಲರ ಫೋನು ಜೇಬಲ್ಲೇ ಇರಲಿ.